ಪೆಡಲ್ ಮೇಲೆ ಒಂದು ಕಾಲು

ಕೋಗಿಲು ರಸ್ತೆಯಲ್ಲಿ ಯಾರನ್ನಾದರೂ ಮುನಿಆಂಜಿನಪ್ಪನ ಶೆಡ್ಡು ಎಲ್ಲಿ ಎಂದು ಕೇಳಿದರೆ, "ಯಾರು, ಬ್ರೇಕ್ ಆಂಜಿನಪ್ಪನಾ?" ಎಂದು ತಿರುಗಿ ಕೇಳಿ ಆಮೇಲೆ ಕೈ ತೋರಿಸುತ್ತಿದ್ದರು. ಅವನು ಇಂಜಿನ್ನಿಗೆ ಕೈ ಹಾಕಿದವನಲ್ಲ, ಗೇರಿನ ಸುದ್ದಿಗೆ ಹೋದವನಲ್ಲ. ಲಾರಿ, ಟೆಂಪೋ, ಏನೇ ಬರಲಿ, ಬ್ರೇಕು ಮಾತ್ರ. "ಓಡ್ಸೋಕೆ ಊರ್ ತುಂಬ ಜನ ಅವ್ರೆ. ನಿಲ್ಸೋಕೆ ನಾನೊಬ್ನೇ" ಎಂದು ಐವತ್ತೇಳನೆಯ ವಯಸ್ಸಿನಲ್ಲೂ ಎದೆಯುಬ್ಬಿಸಿ ಹೇಳುತ್ತಿದ್ದ. ಎದೆಗಿಂತ ಮೊದಲು ಹೊಟ್ಟೆ ಉಬ್ಬುತ್ತಿತ್ತು, ಅದು ಬೇರೆ ವಿಷಯ.

ಬ್ರೇಕಿನ ಕೆಲಸವನ್ನೆಲ್ಲ ಒಬ್ಬನೇ ಮಾಡಬಹುದು, ಕೊನೆಯದೊಂದನ್ನು ಬಿಟ್ಟು. ಪೈಪು ಬಿಚ್ಚಿ ಹಾಕಿದ ಮೇಲೆ ಒಳಗೆ ಗಾಳಿ ಸೇರಿಕೊಂಡಿರುತ್ತದೆ. ಗಾಳಿಯಿದ್ದರೆ ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಗಾಡಿಯೂ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬ ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬ ಗಾಡಿಯ ಕೆಳಗೆ ಮಲಗಿ, ಚಕ್ರದ ಹತ್ತಿರ ನಿಪ್ಪಲ್ ಎಂಬ ತೂತಿನ ತಿರುಪನ್ನು ಸಡಿಲಿಸಿ, ಆಯಿಲ್ ಜೊತೆಗೆ ಗಾಳಿಯನ್ನು ಹೊರಗೆ ಬಿಟ್ಟು, ಮತ್ತೆ ಬಿಗಿ ಮಾಡಬೇಕು. ನಿಪ್ಪಲ್ ತೆರೆದಿರುವಾಗ ಮೇಲಿನವನು ಕಾಲೆತ್ತಿದನೋ, ಹೊರಗಿನ ಗಾಳಿ ಸರ್ರೆಂದು ಒಳಗೆ. ಬೆಳಗಿನಿಂದ ಮಾಡಿದ್ದೆಲ್ಲ ಮಣ್ಣುಪಾಲು. ಬ್ರೇಕ್ ಒತ್ತಿದರೆ ಗಾಡಿ ನಿಲ್ಲುತ್ತದೆ, ನಿಲ್ಲದಿದ್ದರೆ ಮನೆದೇವರ ಹೆಸರು ಹೇಳಬೇಕು ಎಂದಷ್ಟೇ ಬಲ್ಲ ನಮ್ಮಂಥವರಿಗೆ ಇದೆಲ್ಲ ಗೊತ್ತಾಗುವುದಿಲ್ಲ.

ಇಪ್ಪತ್ತೆರಡು ವರ್ಷ ಆ ಸೀಟಿನಲ್ಲಿ ಕೂತ ಕಾಲು ಮೆಹಬೂಬ್ ಪಾಷಾನದು. ಆಂಜಿನಪ್ಪನಿಗಿಂತ ಐದಾರು ವರ್ಷ ಚಿಕ್ಕವನು. ಕೆಳಗಿನಿಂದ "ಒತ್ತು" ಎಂದರೆ ಮೇಲಿನಿಂದ "ಒತ್ತಿದೆ" ಎಂಬ ಉತ್ತರ, "ಬಿಡು" ಎಂದರೆ "ಬಿಟ್ಟೆ" ಎಂಬ ಉತ್ತರ. ಪಾಷಾ ಬರೀ ಒತ್ತುತ್ತಿರಲಿಲ್ಲ, ಒತ್ತಿದ ಕಾಲಿಗೆ ಏನು ಸಿಕ್ಕಿತೆಂದು ವರದಿಯನ್ನೂ ಕೊಡುತ್ತಿದ್ದ. "ಹತ್ತಿ ಅಣ್ಣಾ" ಎಂದರೆ ಒಳಗೆಲ್ಲ ಗಾಳಿ. ಆಮೇಲೆ "ರಬ್ಬರು." ಆಮೇಲೆ "ಮರ." ಕೊನೆಗೆ "ಕಲ್ಲು" ಎಂಬ ಮಾತು ಬಿದ್ದರೆ ಕೆಲಸ ಮುಗಿದಂತೆ; ಆಂಜಿನಪ್ಪ ಕೆಳಗಿನಿಂದ ತೆವಳಿಕೊಂಡು ಹೊರಬರುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡದೆ ದಿನಕ್ಕೆ ಎರಡು ಗಂಟೆ ಹೀಗೆ ಮಾತು ನಡೆಯುತ್ತಿತ್ತು. ಹೆಂಡತಿ ಸೊಣ್ಣಮ್ಮನ ಜೊತೆ ಅಷ್ಟು ಮಾತನ್ನು ಆಂಜಿನಪ್ಪ ಮದುವೆಯಾದ ವರ್ಷವೂ ಆಡಿರಲಿಲ್ಲ.

ಕೆಲಸ ಮುಗಿದ ಮೇಲೆ ಪಕ್ಕದ ಟೀ ಅಂಗಡಿಯಲ್ಲಿ ಬೈ ಟು. ಒಂದು ಟೀಯನ್ನು ಎರಡು ಲೋಟಕ್ಕೆ ಹಂಚಿಕೊಡುವ ಈ ಪದ್ಧತಿಯನ್ನು ಬೆಂಗಳೂರಿನವರಿಗೆ ವಿವರಿಸಬೇಕಿಲ್ಲ. ಅರ್ಧ ಲೋಟ ಕುಡಿದರೆ ಹೊಟ್ಟೆಗೆ ಹಿತ, ಮಾತಿಗೆ ನೆಪ.

ಇದೆಲ್ಲ ನಿಂತು ಮೂರು ವರ್ಷವಾಗಿತ್ತು. ನಿಲ್ಲಿಸಿದವನು ಆಂಜಿನಪ್ಪನೇ. ನಿಲ್ಲಿಸುವುದು ಅವನ ಕಸುಬಲ್ಲವೇ.

ಆಗಿದ್ದು ಹೀಗೆ. ಚಿಕ್ಕಬೈರಪ್ಪ ಎಂಬುವನ ಹತ್ತಿರ ಸಿಮೆಂಟು ಇಟ್ಟಿಗೆ ಸಾಗಿಸುವ ಒಂದು ಹಳೆಯ ಕ್ಯಾಂಟರ್ ಇತ್ತು, ತೊಂಬತ್ತಾರನೇ ಇಸವಿಯದು. ಅದರ ಮಾಲೀಕ ಅವನೇ, ಡ್ರೈವರ್ ಅವನೇ, ಕೆಟ್ಟು ನಿಂತಾಗ ಹಿಂದಿನಿಂದ ತಳ್ಳುವವನೂ ಅವನೇ. ಅದರ ಹಿಂದಿನ ಆಕ್ಸಲ್ಲಿನ ಮೇಲ್ಗಡೆ, ಚಾಸಿಯ ಚೌಕಟ್ಟಿಗೆ ಬಿಗಿದ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ವಾಲ್ವ್ ಒಂದಿತ್ತು. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತವನ ಹೊಟ್ಟೆ ನೋಡಿ ಅನ್ನ ಬಡಿಸುವವರಿರುತ್ತಾರಲ್ಲ, ಆ ಜಾತಿಯ ವಾಲ್ವ್ ಅದು. ಲೋಡು ತುಂಬಿ ಗಾಡಿ ಕುಗ್ಗಿದರೆ ಹಿಂದಿನ ಚಕ್ರಗಳಿಗೆ ಜಾಸ್ತಿ ಬ್ರೇಕು ಬಿಡುತ್ತದೆ, ಖಾಲಿಯಿದ್ದರೆ ಕಡಿಮೆ ಬಿಡುತ್ತದೆ. ಅದು ಹಾಗೆ ಅಳೆದು ಬಿಡದಿದ್ದರೆ ಖಾಲಿ ಗಾಡಿಯ ಹಿಂದಿನ ಚಕ್ರಗಳು ಕಚ್ಚಿಕೊಂಡು, ಗಾಡಿ ಬಾಲ ಬೀಸುತ್ತದೆ. ಬಹಳ ಮೆಕ್ಯಾನಿಕ್ಕುಗಳು ಇದರ ತಂಟೆಯೇ ಬೇಡವೆಂದು ವಾಲ್ವ್ ಕಿತ್ತು ಬಿಸಾಕಿ ಪೈಪನ್ನು ನೇರವಾಗಿ ಸೇರಿಸಿಬಿಡುತ್ತಿದ್ದರು. ಆಂಜಿನಪ್ಪ ಜನ್ಮದಲ್ಲಿ ಒಂದು ವಾಲ್ವನ್ನೂ ಕಿತ್ತವನಲ್ಲ.

ಆ ವಾಲ್ವಿಗೆ ಎರಡು ತೂತು, ಎರಡು ಪೈಪು. ಮುಂದಿನಿಂದ ಆಯಿಲ್ ತರುವ ಉದ್ದದ ಪೈಪು ಒಂದು, ಅಲ್ಲಿಂದ ಹಿಂದಿನ ಚಕ್ರಗಳಿಗೆ ಹೋಗುವ ಗಿಡ್ಡದು ಇನ್ನೊಂದು. ಪೈಪನ್ನು ಆಂಜಿನಪ್ಪ ಅಳತೆ ಮಾಡಿ ಬಗ್ಗಿಸಿದವನಲ್ಲ. ಮೊಣಕಾಲಿಗೆ ಒತ್ತಿ, ಹೆಬ್ಬೆರಳಿನಿಂದ ತಿದ್ದಿ, ತುದಿಯ ಹತ್ತಿರ ಎಡಗಡೆಗೆ ಒಂದು ಪೂರ್ತಿ ಸುತ್ತು ಹಾಕಿ ಕೊಡುತ್ತಿದ್ದ. ಆ ಸುತ್ತು ಅವನ ರುಜು ಇದ್ದಂತೆ. ತೆಗೆದುಕೊಂಡು ಹೋಗಿ ಕೂರಿಸಿದರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರುತ್ತಿರಲಿಲ್ಲ.

ಎರಡು ಸಾವಿರದ ಹನ್ನೊಂದರಲ್ಲಿ ಚಿಕ್ಕಬೈರಪ್ಪನ ಗಾಡಿಯ ವಾಲ್ವ್ ಸೋರತೊಡಗಿತು. ಹೊಸದು ತಂದರು. ಪೈಪು ಬಗ್ಗಿಸಿದ್ದು ಆಂಜಿನಪ್ಪ, ಕೆಳಗೆ ಮಲಗಿ ಕೂರಿಸಿದ್ದು ಪಾಷಾ. ಮಾರನೇ ದಿನ ಖಾಲಿ ಗಾಡಿ, ಸಣ್ಣ ಮಳೆ. ಕೋಗಿಲು ಕ್ರಾಸಿನಲ್ಲಿ ಬ್ರೇಕ್ ಒತ್ತಿದ್ದೇ ತಡ, ಹಿಂದಿನ ಚಕ್ರಗಳು ಕಚ್ಚಿಕೊಂಡು ಗಾಡಿ ಅರ್ಧ ಸುತ್ತು ತಿರುಗಿ ಎಳನೀರಿನ ರಾಶಿಯ ಮೇಲೆ ಹೋಗಿ ಕೂತಿತು. ಯಾರಿಗೂ ಏನೂ ಆಗಲಿಲ್ಲ. ಚಿಕ್ಕಬೈರಪ್ಪ ಬೇರೆ ಮೆಕ್ಯಾನಿಕ್ಕಿಗೆ ತೋರಿಸಿದ. ಅವನು ಕೆಳಗೆ ಬಗ್ಗಿ ನೋಡಿ, "ಪೈಪು ಉಲ್ಟಾ ಆಕವ್ರೆ" ಎಂದು ಹೇಳಿ, ವಾಲ್ವನ್ನೇ ಪೈಪು ಸಮೇತ ಕಿತ್ತು ಕೈಗೆ ಕೊಟ್ಟ.

ಚಿಕ್ಕಬೈರಪ್ಪ ಟೀ ಅಂಗಡಿಯ ಮುಂದೆ ನಿಂತು ಕೂಗಾಡಿದಾಗ ಅಲ್ಲಿ ಹತ್ತು ಹದಿನೈದು ಜನ ಇದ್ದರು. ಆಂಜಿನಪ್ಪ ಲೋಟ ಹಿಡಿದವನು ಪಾಷಾನ ಕಡೆ ತಿರುಗಿ, "ನಾನ್ ಬಗ್ಸಿದ್ದು ಸರಿಯಾಗೇ ಇತ್ತು. ಇವ್ನು ಕಣ್ ಮುಚ್ಕೊಂಡು ಉಲ್ಟಾ ಆಕವ್ನೆ. ಇಪ್ಪತ್ತೆರಡು ವರ್ಷ ಸಾಕಿದ್ಕೆ ಇದಾ ನೀನ್ ಮಾಡೋದು?" ಎಂದ.

ಪಾಷಾ ತನ್ನ ಅರ್ಧ ಲೋಟದ ಟೀಯನ್ನು ಕಲ್ಲುಬೆಂಚಿನ ಮೇಲಿಟ್ಟ. ಕೈ ಒರೆಸಿಕೊಂಡ. ಹೋದ. ಎಂಟು ದಿನ ಕಳೆದು ರಸ್ತೆಯ ಆಚೆ ಬದಿ, ಸರಿಯಾಗಿ ಎದುರಿಗೆ, ಟಾರ್ಪಾಲಿನ ಕೆಳಗೆ ಒಂದು ಪಂಚರ್ ಅಂಗಡಿ ತೆರೆದ.

ಆಂಜಿನಪ್ಪ ಮೊದಲ ವಾರ "ಬರ್ತಾನೆ ಬಿಡು" ಎಂದ. ಎರಡನೇ ತಿಂಗಳು "ಬರ್ದಿದ್ರೆ ಕತ್ತೆ ಬಾಲ" ಎಂದ. ರಸ್ತೆ ಅಗಲವಾಗಿ ನಡುವೆ ಡಿವೈಡರ್ ಬಂತು. ಪೆಡಲ್ ಒತ್ತಿ ಹಿಡಿಯಲು ಅವನು ಒಂದು ಕೋಲು ಮಾಡಿಕೊಂಡ. ಮೂರು ಅಡಿಯ ಸರ್ವೆ ಮರದ ಕೋಲು, ಒಂದು ತುದಿ ಪೆಡಲ್ ಮೇಲೆ, ಇನ್ನೊಂದು ತುದಿ ಸೀಟಿಗೆ. ಕೆಳಗೆ ಮಲಗುವುದು, ನಿಪ್ಪಲ್ ತೆರೆಯುವುದು, ಮುಚ್ಚುವುದು, ತೆವಳಿ ಹೊರಬಂದು, ಕ್ಯಾಬಿನ್ ಹತ್ತಿ, ಕೋಲು ತೆಗೆದು, ಕಾಲಿನಿಂದ ನಾಲ್ಕು ಸಲ ಒತ್ತಿ, ಮತ್ತೆ ಕೋಲು ಕೊಟ್ಟು, ಇಳಿದು, ಮತ್ತೆ ಕೆಳಗೆ. ಹದಿನೈದು ನಿಮಿಷದ ಕೆಲಸಕ್ಕೆ ಎರಡು ಗಂಟೆ. ಎಷ್ಟೋ ಸಲ ಅಭ್ಯಾಸಬಲದಿಂದ ಕೆಳಗಿನಿಂದಲೇ "ಒತ್ತು" ಎಂದುಬಿಡುತ್ತಿದ್ದ. ಕೋಲು ಏನೆಂದೀತು?

ಮನೆಯಲ್ಲಿ ಜನಕ್ಕೆ ಕೊರತೆಯಿರಲಿಲ್ಲ. ಸೊಣ್ಣಮ್ಮ, ಮಗ ಸುರೇಶ, ಸೊಸೆ ರಾಣಿ, ಟಿ.ವಿ.ಯಲ್ಲಿ ಅಳುವವರು ನಾಲ್ಕು ಜನ. ಒಂದು ಸಂಜೆ ಊಟಕ್ಕೆ ಕೂತವನು "ಇವತ್ತು ಪೆಡಲ್ಲು ಕಲ್ಲಾಗಿತ್ತು ಕಣೇ" ಎಂದ. ಸೊಣ್ಣಮ್ಮ ತಟ್ಟೆಯ ಕಡೆ ನೋಡಿ, "ಅನ್ನದಾಗೆ ಕಲ್ಲಾ? ರಾಣಿ, ಅಕ್ಕಿ ಸರಿಯಾಗಿ ಆರಿಸ್ಲಿಲ್ವೇನಮ್ಮಾ?" ಎಂದಳು. ಅವನು ಅನ್ನಕ್ಕೆ ಸಾರು ಹಾಕಿಸಿಕೊಂಡ. ಟೀ ಅಂಗಡಿಯಲ್ಲೂ ಅಷ್ಟೇ. ಒಬ್ಬನೇ ಹೋಗಿ ಬೈ ಟು ಕೇಳಲಾಗುವುದಿಲ್ಲವಲ್ಲ. ಮೂರು ವರ್ಷದಿಂದ ಪೂರ್ತಿ ಟೀ ಕುಡಿದು ಕುಡಿದು ಅವನಿಗೆ ಹುಳಿತೇಗು ಹಿಡಿದಿತ್ತು.

ಹೀಗಿರುವಾಗ, ಎರಡು ಸಾವಿರದ ಹದಿನಾಲ್ಕರ ಫೆಬ್ರವರಿಯ ಒಂದು ಬೆಳಿಗ್ಗೆ, ಅದೇ ಚಿಕ್ಕಬೈರಪ್ಪನ ಕ್ಯಾಂಟರ್ ಶೆಡ್ಡಿನ ಮುಂದೆ ಬಂದು ನಿಂತಿತು.

"ಏನ್ ಬೈರಪ್ಪ, ದಾರಿ ತಪ್ತಾ?"

"ಎಫ್‌ಸಿ ಮಾಡ್ಸೋಕೆ ಆರ್.ಟಿ.ಓ. ಆಫೀಸ್ಗೋದ್ರೆ ಈ ಸಲ ಇನ್ಸ್‌ಪೆಕ್ಟ್ರು ಕೆಳಗೆ ಬಗ್ಗಿ ನೋಡ್ದ ಕಣಣ್ಣ. ವಾಲ್ವ್ ಎಲ್ಲಿ ಅಂದ. ನಾಳೆ ಬೆಳಿಗ್ಗೆಯೊಳ್ಗೆ ಆಕ್ಸ್ಕೊಂಡ್ ಬಾ ಅಂದವ್ನೆ. ನಾಕ್ ಕಡೆ ಕೇಳ್ದೆ. ಕೀಳೋದು ಎಲ್ರಿಗೂ ಬರ್ತದೆ, ಆಕೋದು ಯಾರ್ಗೂ ಬರಲ್ಲ." ಚಿಕ್ಕಬೈರಪ್ಪ ಸೀಟಿನ ಹಿಂದಿನಿಂದ ಒಂದು ಗೋಣಿಚೀಲ ತೆಗೆದು ಕೊಟ್ಟ. "ಅವತ್ತಿನ್ ಸಾಮಾನೆಲ್ಲ ಇಂಗೇ ಇಟ್ಟಿದೀನಿ. ವಾಲ್ವು, ಪೈಪು, ಎಲ್ಲ. ನೀನ್ ಮಾಡ್ತಿರು, ನಾನ್ ಇಡ್ಲಿ ತಿಂದ್ ಬತ್ತೀನಿ."

ಆಂಜಿನಪ್ಪ ಚೀಲ ಬಿಚ್ಚಿದ. ಧೂಳು ಹಿಡಿದ ಎರಡು ಪೈಪು, ಎರಡರಲ್ಲೂ ಎಡಕ್ಕೆ ತಿರುಗಿದ ತನ್ನ ಸುತ್ತು. ಹಳೆಯ ಫೋಟೋದಲ್ಲಿ ತನ್ನ ಮುಖ ನೋಡಿದವನಂತೆ ಒಂದು ಕ್ಷಣ ಖುಷಿಪಟ್ಟ. ಎಷ್ಟು ಚಂದ ಬಗ್ಗಿಸಿದ್ದೇನೆ ನೋಡು, ಎಂದುಕೊಂಡ. ವಾಲ್ವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೆಳಗೆ ಮಲಗಿ ಚಾಸಿಗೆ ಬಿಗಿದ. ಉದ್ದದ ಪೈಪನ್ನು ಅದರ ಹಳೆಯ ದಾರಿಯಲ್ಲೇ ತಂದು ವಾಲ್ವಿನ ಹತ್ತಿರ ಹಿಡಿದ. ಅದು ನಾಯಿ ಮನೆಗೆ ಹೋಗುವ ಹಾಗೆ ತಾನಾಗೇ ಎಡಗಡೆಯ ತೂತಿಗೆ ಹೋಗಿ ಮೂತಿ ಇಟ್ಟಿತು.

ವಾಲ್ವಿನ ಮೈಮೇಲೆ ಎರಕದಲ್ಲೇ ಒಂದು ಬಾಣದ ಗುರುತು ಇರುತ್ತದೆ, ಆಯಿಲ್ ಯಾವ ಕಡೆಯಿಂದ ಯಾವ ಕಡೆಗೆ ಎಂದು. ಆಂಜಿನಪ್ಪ ಬೆರಳಿನಿಂದ ಒರೆಸಿ ನೋಡಿದ. ಉದ್ದದ ಪೈಪು ಬರಬೇಕಾದದ್ದು ಬಲಗಡೆಗೆ.

ಪೈಪನ್ನು ಬಲಕ್ಕೆ ಎಳೆದ. ನಾಲ್ಕು ಬೆರಳು ಸಾಲಲಿಲ್ಲ. ಮತ್ತೆ ಎಳೆದ. ಇಲ್ಲ. ಬೇರೆ ಯಾರೋ ಬಗ್ಗಿಸಿದ ಗುರುತಿದೆಯೇ ಎಂದು ಉದ್ದಕ್ಕೂ ಬೆರಳಾಡಿಸಿದ. ಒಂದು ನೆಗ್ಗೂ ಇರಲಿಲ್ಲ. ಸೋರುತ್ತಿದ್ದ ಹಳೆಯ ವಾಲ್ವಿಗೆ ಒಳಬರುವ ತೂತು ಎಡಗಡೆಗಿತ್ತು, ಅವತ್ತು ತಂದ ಈ ಹೊಸದಕ್ಕೆ ಬಲಗಡೆಗೆ. ಹೊಸ ವಾಲ್ವನ್ನು ತಿರುಗಿಸಿ ನೋಡದೆ, ಹೆಬ್ಬೆರಳಿಗೆ ರೂಢಿಯಾದ ಹಾಗೆ, ಹಳೆಯದಕ್ಕೇ ಪೈಪು ಬಗ್ಗಿಸಿದವನು ಯಾರು?

ಆಗ ಅವನಿಗೆ ಮೂರು ವರ್ಷದಿಂದ ನೆನಪಾಗದಿದ್ದ ಒಂದು ಮಾತು ನೆನಪಾಯಿತು. ಅವತ್ತು ಪಾಷಾ ಇದೇ ಗಾಡಿಯ ಕೆಳಗಿನಿಂದ ಕೂಗಿದ್ದ: "ಅಣ್ಣಾ, ಉದ್ದ ಪೈಪು ಎಡಗಡೆ ತೂತಿಗೆ ಬರ್ತಾ ಇದೆ!" ಲೋಟ ಹಿಡಿದುಕೊಂಡು ಯಾರ ಜೊತೆಗೋ ಹರಟುತ್ತಿದ್ದ ಆಂಜಿನಪ್ಪ ತಿರುಗಿಯೂ ನೋಡದೆ ಹೇಳಿದ್ದ: "ಬಂದ್ ಕಡೆ ಆಕೋ. ಬಗ್ಸಿರೋನು ನಾನು."

ಗಾಡಿಯ ಕೆಳಗೆ ಮಲಗಿದವನಿಗೆ ಒಂದು ಅನುಕೂಲವಿದೆ, ಅವನ ಮುಖ ಯಾರಿಗೂ ಕಾಣುವುದಿಲ್ಲ. ಆಂಜಿನಪ್ಪ ಬಹಳ ಹೊತ್ತು ಆ ಅನುಕೂಲವನ್ನು ಬಳಸಿಕೊಂಡ.

ಆಮೇಲೆ ಎದ್ದು ಬಂದು, ಹಳೆಯ ಪೈಪುಗಳನ್ನು ಗುಜರಿ ಡ್ರಮ್ಮಿನ ತಳಕ್ಕೆ ತುರುಕಿದ. ನೋಡಿದವರು ಯಾರೂ ಇರಲಿಲ್ಲ. ಎರಡು ಹೊಸ ಪೈಪು ತೆಗೆದು, ಜೀವನದಲ್ಲಿ ಮೊದಲ ಸಲ ದಾರ ಹಿಡಿದು ಅಳತೆ ಮಾಡಿ, ಬಲಕ್ಕೆ ಸುತ್ತು ಬರುವಂತೆ ಬಗ್ಗಿಸಿದ. ಹೆಬ್ಬೆರಳು ಒಪ್ಪಲಿಲ್ಲ, ಸುತ್ತು ಮೊಟ್ಟೆಯಾಕಾರಕ್ಕೆ ಬಂತು. ಬಂದರೆ ಬರಲಿ ಎಂದು ಎರಡು ಪೈಪನ್ನೂ ಸರಿಯಾದ ತೂತಿಗೆ ಕೂರಿಸಿ, ನಟ್ಟು ಬಿಗಿದು, ಆಯಿಲ್ ತುಂಬಿದ.

ಇನ್ನು ಗಾಳಿ. ಕೋಲು ಕೊಟ್ಟು ನೋಡಿದ. ಮುಂದಿನ ಚಕ್ರಗಳು ಹೇಗೋ ಆದವು. ಹಿಂದಿನದಕ್ಕೆ ಆಯಿಲ್ ವಾಲ್ವ್ ದಾಟಿ ಬರಬೇಕು. ಅದರೊಳಗೆ ಸಿಕ್ಕಿಕೊಂಡ ಗಾಳಿ ಕೋಲಿಗೆ ಬಗ್ಗಲಿಲ್ಲ. ಇಡ್ಲಿ ಮುಗಿಸಿ ಬಂದ ಚಿಕ್ಕಬೈರಪ್ಪನನ್ನು ಸೀಟಿಗೆ ಹತ್ತಿಸಿದ.

"ಒತ್ತು."

"ಆಂ?"

"ಒತ್ತಯ್ಯಾ!"

"ಒತ್ತಿ ಆವಾಗ್ಲೇ ಬಿಟ್ಟೆ ಕಣಣ್ಣ!"

ನಿಪ್ಪಲ್ ಗೊಳಗೊಳ ಎಂದು ಗಾಳಿ ಕುಡಿಯಿತು. ಇನ್ನೊಂದು ಸಲ ಪೆಡಲ್ ಹೇಗಿದೆ ಎಂದು ಕೇಳಿದರೆ, "ಪೆಡಲ್ ಇದ್ದಂಗೈತೆ" ಎಂಬ ಉತ್ತರ ಬಂತು. ಮಧ್ಯಾಹ್ನ ಹನ್ನೆರಡಾಯಿತು. ಪೆಡಲ್ ಹತ್ತಿಯಾಗಿಯೇ ಇತ್ತು. ಆಂಜಿನಪ್ಪ ಹೊರಗೆ ಬಂದು ನಿಂತು ರಸ್ತೆಯಾಚೆ ನೋಡಿದ. ಟಾರ್ಪಾಲಿನ ಕೆಳಗೆ ಪಾಷಾ ಯಾವುದೋ ಸ್ಕೂಟರಿನ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸುತ್ತಿದ್ದ.

ಇಪ್ಪತ್ತು ಹೆಜ್ಜೆಯ ದೂರ. ಡಿವೈಡರ್ ಇದ್ದುದರಿಂದ ಕ್ರಾಸಿನವರೆಗೆ ಹೋಗಿ ಸುತ್ತಿ ಬರಬೇಕಾಯಿತು. ಆ ದಾರಿಯುದ್ದಕ್ಕೂ ಆಂಜಿನಪ್ಪ ಏನು ಹೇಳಬೇಕೆಂದು ಜೋಡಿಸಿಕೊಂಡ.

"ಒಂದ್ ಗಾಡಿ ಬಂದೈತೆ" ಎಂದ.

ಪಾಷಾ ತಲೆಯೆತ್ತಲಿಲ್ಲ. "ನೋಡ್ದೆ. ಬೈರಪ್ಪಂದು."

"ವಾಲ್ವ್ ಆಕಿದೀನಿ. ಹಿಂದ್ಗಡೆ ಗಾಳಿ ಓಗ್ತಿಲ್ಲ."

"ಕೋಲು ಇದೆಯಲ್ಲ ಅಣ್ಣಾ."

"ಕೋಲಿಗೆ ಬಾಯಿಲ್ಲ ಕಣೋ."

"ಬಾಯಿ ಇದ್ದೋರ್ ಹೇಳಿದ್ದನ್ನ ಕೇಳಿದ್ರಾ?"

ಟ್ಯೂಬಿನಿಂದ ಒಂದೊಂದಾಗಿ ಗುಳ್ಳೆ ಏಳುತ್ತಿತ್ತು. ಇಬ್ಬರೂ ಅದನ್ನೇ ನೋಡಿದರು. ಪಾಷಾ ತೂತಿನ ಜಾಗಕ್ಕೆ ಗುರುತು ಮಾಡಿ, ಉಜ್ಜಿ, ಪ್ಯಾಚ್ ಅಂಟಿಸಿ, ಗಾಳಿ ತುಂಬಿಸಿ, ಸ್ಕೂಟರಿನವನನ್ನು ಕಳಿಸಿ, ಕೈ ತೊಳೆದ. ಆಂಜಿನಪ್ಪ ಬಿಸಿಲಲ್ಲೇ ನಿಂತಿದ್ದ. ಪಾಷಾ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಕ್ರಾಸಿನ ಕಡೆ ಮುಂದೆ ನಡೆದ.

ಶೆಡ್ಡಿಗೆ ಬಂದವನು ಕ್ಯಾಬಿನ್ ಹತ್ತಿ, ಸೀಟಿಗೆ ಒರಗಿಸಿದ್ದ ಕೋಲನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕಿಟ್ಟ. ಆಂಜಿನಪ್ಪ ಕೆಳಗೆ ಮಲಗಿದ.

"ಒತ್ತು."

"ಒತ್ತಿದೆ. ಹತ್ತಿ."

"ಬಿಡು."

"ಬಿಟ್ಟೆ."

ಹತ್ತು ನಿಮಿಷ ಇಷ್ಟೇ ಮಾತು. ಹತ್ತಿ ರಬ್ಬರಾಯಿತು. ರಬ್ಬರು ಮರವಾಯಿತು. ಕೊನೆಯ ಚಕ್ರ, ಕೊನೆಯ ನಿಪ್ಪಲ್. "ಒತ್ತು" ಎಂದ. "ಒತ್ತಿದೆ" ಎಂದ ಪಾಷಾ. ಆಂಜಿನಪ್ಪ ನಿಪ್ಪಲ್ ಸಡಿಲಿಸಿದ. ಸಡಿಲಿಸಿದವನು ಮುಚ್ಚಲಿಲ್ಲ.

"ಪಾಷಾ."

"ಹೇಳಿ."

"ಆ ಪೈಪು ನಾನೇ ಉಲ್ಟಾ ಬಗ್ಸಿದ್ದು ಕಣೋ. ನಿಂದೇನೂ ತಪ್ಪಿಲ್ಲ."

ನಿಪ್ಪಲ್ ತೆರೆದಿತ್ತು. ಮೇಲಿನವನು ಈಗ ಕಾಲೆತ್ತಿದರೆ ಅಷ್ಟೂ ಗಾಳಿ ಮತ್ತೆ ಒಳಗೆ. ಎದ್ದು ಹೋಗಬೇಕೆನ್ನುವವನಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಆಂಜಿನಪ್ಪ ನಿಪ್ಪಲ್ಲಿನ ತುದಿಯನ್ನೇ ನೋಡುತ್ತಿದ್ದ. ಆಯಿಲ್ ಹನಿ ಹನಿಯಾಗಿ ಬಂತು, ನಿಂತಿತು. ಗಾಳಿ ಒಳಗೆ ಹೋಗಲಿಲ್ಲ.

"ನಿಪ್ಪಲ್ ಮುಚ್ಚಿ ಅಣ್ಣಾ" ಎಂದ ಪಾಷಾ. "ಕಾಲು ನೋಯ್ತಾ ಇದೆ."

ಮುಚ್ಚಿದ.

"ನಂಗೆ ಗೊತ್ತಿತ್ತು" ಎಂದಿತು ಮೇಲಿನ ಧ್ವನಿ. "ಬಾಣದ ಗುರುತು ಅವತ್ತೇ ನೋಡಿದ್ದೆ. ಎರಡ್ ಸಲ ಕೂಗಿ ಹೇಳ್ದೆ. ನೀವು ಬಂದ ಕಡೆ ಹಾಕು ಅಂದ್ರಿ. ಗುರುತೇ ತಪ್ಪಿರ್ಬೇಕು, ನೀವು ತಪ್ಪಿರಲ್ಲ ಅಂತ ಹಾಕ್ದೆ."

ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ಚಿಕ್ಕಬೈರಪ್ಪ ಎಲ್ಲ ಕೇಳಿಸಿಕೊಂಡು, "ಅಯ್ಯೋ, ಅಂಗಾರೆ ನಾನ್ ಮೂರ್ ವರ್ಷ ಪಾಷಾನ ಬೈಕೊಂಡ್ ಓಡಾಡಿದ್ದೆಲ್ಲ ದಂಡನಾ?" ಎಂದ. "ಅಷ್ಟನ್ನೂ ನಿನ್ ಕಡೆ ತಿರುಗಿಸ್ಕೊಂಬುಡು ಆಂಜಿನಣ್ಣ."

"ತಿರುಗಿಸ್ಕೊಂಡೆ" ಎಂದ ಆಂಜಿನಪ್ಪ ಕೆಳಗಿನಿಂದ. "ಟೀ ಅಂಗ್ಡಿ ಮುಂದೆ ಬೇಕಾದ್ರೂ ನಿಂತ್ಕೊಂಡು ಏಳ್ತೀನಿ."

"ಬೇಡ ಬಿಡಿ" ಎಂದ ಪಾಷಾ. "ಅವತ್ತು ನಿಂತಿದ್ದೋರು ಇವತ್ತು ಅಲ್ಲಿ ಯಾರಿದಾರೆ? ಇನ್ನೊಂದ್ಸಲ ಒತ್ತಲಾ?"

"ಒತ್ತು."

ಮೇಲೆ ಪೆಡಲ್ ಕಿರುಗುಟ್ಟಿತು.

"ಕಲ್ಲು" ಎಂದ ಪಾಷಾ.

ಆಂಜಿನಪ್ಪ ಹೊರಗೆ ಬಂದು, ಗುಜರಿ ಡ್ರಮ್ಮಿಗೆ ಕೈ ಹಾಕಿ, ತಳದಿಂದ ಆ ಹಳೆಯ ಉದ್ದದ ಪೈಪನ್ನು ಎಳೆದು ತೆಗೆದು, ಎಲ್ಲರಿಗೂ ಕಾಣುವ ಹಾಗೆ ಬಾಗಿಲ ಮೊಳೆಗೆ ನೇತುಹಾಕಿದ. ಆಮೇಲೆ ಟೀ ಅಂಗಡಿಯ ಕಡೆ ತಿರುಗಿ, ಮೂರು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ದೊಡ್ಡದಾಗಿ ಕೂಗಿದ: "ಒಂದು ಬೈ ಟು!"

ಪಾಷಾ ಕ್ಯಾಬಿನ್ನಿನಿಂದ ಇಳಿಯುತ್ತಿದ್ದ. ಇಳಿಯುವಾಗ ಬಾಗಿಲು ಹಿಡಿದುಕೊಂಡು ನಿಧಾನಕ್ಕೆ ಕಾಲಿಟ್ಟ. ಮೊದಲು ಹಾಗೆ ಇಳಿಯುತ್ತಿರಲಿಲ್ಲ. "ನಂಗೆ ಬೇಡಣ್ಣಾ. ಶುಗರ್ ಬಂದಿದೆ. ಟೀ ಬಿಟ್ಟು ಎರಡ್ ವರ್ಷ ಆಯ್ತು."

"ಎರಡ್ ವರ್ಷನಾ?"

"ಎರಡ್ ವರ್ಷ."

ರಸ್ತೆಯಾಚೆ ಕೂತವನಿಗೆ ಶುಗರ್ ಬಂದು ಎರಡು ವರ್ಷವಾಗಿತ್ತು. ಅವನ ಅಂಗಡಿಗೆ ದಿನಕ್ಕೆ ಎಷ್ಟು ಪಂಚರ್ ಬರುತ್ತದೆ ಎಂದು ಆಂಜಿನಪ್ಪ ಇಲ್ಲಿ ಕೂತೇ ಹೇಳಬಲ್ಲವನಾಗಿದ್ದ. ಇದೊಂದು ಗೊತ್ತಿರಲಿಲ್ಲ. ಬೇರೆ ಏನೇನು ಗೊತ್ತಿಲ್ಲವೋ ಎಂದು ಕೇಳಲು ಹೋದ. ಅಷ್ಟರಲ್ಲಿ ಆಚೆ ಬದಿ ಯಾರೋ ಬೈಕಿನವನು ಬಂದು ನಿಂತು ಹಾರನ್ ಹೊಡೆಯತೊಡಗಿದ.

"ಬರ್ತೀನಿ" ಎಂದ ಪಾಷಾ. ಎರಡು ಹೆಜ್ಜೆ ಹೋದವನು ತಿರುಗಿ ಬಂದು, ಕ್ಯಾಬಿನ್ನಿಗೆ ಕೈ ಹಾಕಿ, ಆ ಸರ್ವೆ ಕೋಲನ್ನು ಹೊರಗೆ ತೆಗೆದ. ಉದ್ದ ನೋಡಿದ. ನೆಲಕ್ಕೆ ಊರಿ ಗಟ್ಟಿಯಿದೆಯೇ ನೋಡಿದ. "ಇದು ನಂಗೆ ಬೇಕು. ನಮ್ ಟಾರ್ಪಾಲು ಒಂದ್ ಕಡೆ ಜೋತು ಬಿದ್ದಿದೆ."

"ಅದು ತಗೊಂಡೋದ್ರೆ ಪೆಡಲ್ಲು ಯಾರ್ ಒತ್ತೋದು..." ಎಂದ ಆಂಜಿನಪ್ಪ.

ಪಾಷಾ ಆಗಲೇ ಕೋಲು ಹಿಡಿದು ಕ್ರಾಸಿನ ಕಡೆ ನಡೆದಿದ್ದ.

ಚಿಕ್ಕಬೈರಪ್ಪ ಗಾಡಿ ತೆಗೆದುಕೊಂಡು ಹೋದ. ಬೈ ಟು ಬಂತು. ಎರಡು ಅರ್ಧ ಲೋಟಗಳನ್ನೂ ಆಂಜಿನಪ್ಪ ಕಲ್ಲುಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡ. ಒಂದನ್ನು ಕುಡಿದ. ಇನ್ನೊಂದನ್ನು ಕುಡಿಯುವುದೋ ಬೇಡವೋ ಎಂದು ಯೋಚಿಸುತ್ತ ಎದುರಿಗೆ ನೋಡಿದ. ಆಚೆ ಬದಿಯಲ್ಲಿ ಟಾರ್ಪಾಲಿನ ಜೋತ ಮೂಲೆ ಮೇಲೆದ್ದಿತ್ತು. ಮೂರು ಅಡಿಯ ಕೋಲು ಸಾಲದೆ, ಪಾಷಾ ಅದರ ಕೆಳಗೆ ಎರಡು ಇಟ್ಟಿಗೆ ಕೊಡುತ್ತಿದ್ದ.